ಹೇಮಾವತಿ–ಕಾವೇರಿ ಸೀಮೆಯ ನೀರಜೀವಿಗಳು: ಯಾವುದು ಮೊದಲು?

ಹಾಸನ ಜಿಲ್ಲೆಯ ದಕ್ಷಿಣ ಭಾಗದಲ್ಲಿ ನಾಲ್ಕು ಬಗೆಯ ಸಿಹಿನೀರು ಒಂದರ ಪಕ್ಕ ಒಂದಿದೆ. ಹಾಸನ ತಾಲ್ಲೂಕಿನ ಕಟ್ಟಾಯ, ಗೊರೂರು ಕಡೆಯವರಿಗೆ ಹೇಮಾವತಿ ಎಂದರೆ ಹಿನ್ನೀರು. ಹೊಳೆನರಸೀಪುರದವರಿಗೆ ಅದೇ ಹೇಮಾವತಿ ಅಣೆಕಟ್ಟಿನಿಂದ ಬಿಟ್ಟಷ್ಟು ಹರಿಯುವ ಹೊಳೆ. ಅರಕಲಗೂಡಿನ ದಕ್ಷಿಣದಂಚಿನಲ್ಲಿ ಕೊಣನೂರು, ರಾಮನಾಥಪುರ, ಬಸವಾಪಟ್ಟಣಗಳ ಮಗ್ಗುಲಲ್ಲಿ ಹರಿಯುವುದು ಕಾವೇರಿ. ಚನ್ನರಾಯಪಟ್ಟಣದ್ದು ಕೆರೆಗಳ ಸೀಮೆ. 1979ರಲ್ಲಿ ಗೊರೂರು ಅಣೆಕಟ್ಟು ಮುಗಿದ ಮೇಲೆ ಅಲ್ಲಿಗೆ ನಾಲೆಯ ನೀರೂ ಬಂತು. ಮೀನು, ಆಮೆ, ನೀರುನಾಯಿ, ಏಡಿ, ಕಪ್ಪೆಚಿಪ್ಪು, ಏರೋಪ್ಲೇನ್ ಚಿಟ್ಟೆ, ನೀರಹಕ್ಕಿ ಎಲ್ಲವೂ ಈ ನೀರನ್ನು ಹಂಚಿಕೊಂಡು ಬದುಕುತ್ತವೆ. ಇವೆಲ್ಲವನ್ನೂ ಎಲ್ಲ ಕಡೆಯೂ ಏಕಕಾಲಕ್ಕೆ ಕಾಯುವಷ್ಟು ಹಣ, ಸಿಬ್ಬಂದಿ, ಅಧಿಕಾರ ಯಾವ ಇಲಾಖೆಯ ಬಳಿಯೂ ಇಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಈ ಪ್ರಶ್ನೆ ಕಾಡು ಮತ್ತು ಕಡಲಿಗಿಂತ ಸಿಹಿನೀರಿನಲ್ಲಿ ಹೆಚ್ಚು ತುರ್ತಿನದು. ಭೂಮಿಯ ಮೇಲ್ಮೈಯಲ್ಲಿ ಶೇ 1ಕ್ಕೂ ಕಡಿಮೆ ಜಾಗದಲ್ಲಿರುವ ಕೆರೆ-ನದಿಗಳಲ್ಲಿ ಇದುವರೆಗೆ ತಿಳಿದಿರುವ ಪ್ರಾಣಿಜಾತಿಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಬದುಕುತ್ತದೆ. ಮೀನುಜಾತಿಗಳಲ್ಲಂತೂ ಸರಿಸುಮಾರು ಅರ್ಧ ಇಲ್ಲಿಯವು. 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 23,496 ಜಾತಿಯ ಸಿಹಿನೀರ ಮೀನು, ಏಡಿ-ಸೀಗಡಿ, ಏರೋಪ್ಲೇನ್ ಚಿಟ್ಟೆಗಳನ್ನು ಪರಿಶೀಲಿಸಿ, ಶೇ 24ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ಕಂಡುಕೊಂಡಿತು. ಅದೇ ಅಧ್ಯಯನದ ಇನ್ನೊಂದು ಮಾತು ಪತ್ರಿಕೆಗಳ ಮುಖಪುಟಕ್ಕೆ ಬರಲಿಲ್ಲ. ನೀರಿನ ಕೊರತೆ, ಸಾರಜನಕದ ಮಟ್ಟ ಮುಂತಾದ ಅಳತೆಗಳನ್ನಷ್ಟೇ ನಂಬಿ ಕಾಯಬೇಕಾದ ಜಾಗವನ್ನು ಆರಿಸಿದರೆ, ನಿಜವಾಗಿ ಅಪಾಯದಲ್ಲಿರುವ ಜೀವಿಗಳು ಪಟ್ಟಿಯಿಂದ ಹೊರಗುಳಿಯುತ್ತವೆ ಎಂಬುದು ಆ ಮಾತು. ಅಂದರೆ ನೀರಿನ ಮಾದರಿಯನ್ನು ಸೀಸೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದ ಮಾತ್ರಕ್ಕೆ ನೀರಿನೊಳಗಿನ ಬದುಕಿನ ಲೆಕ್ಕ ಸಿಗುವುದಿಲ್ಲ.

ಆದ್ಯತೆಯ ಪಟ್ಟಿಯನ್ನು ಯಾರೂ ಬರೆಯದಿದ್ದರೆ ಪಟ್ಟಿಯೇ ಇರುವುದಿಲ್ಲ ಎಂದಲ್ಲ. ಆಗ ಕಣ್ಣಿಗೆ ಬಿದ್ದದ್ದು ಮೊದಲಾಗುತ್ತದೆ. ಹಕ್ಕಿಗಳು ಕಾಣುತ್ತವೆ, ಆದ್ದರಿಂದ ಪಕ್ಷಿಧಾಮಗಳು ಮೊದಲು ಬಂದವು. ಕಾವೇರಿಯ ರಂಗನತಿಟ್ಟು 1940ರಲ್ಲೇ ರಕ್ಷಣೆ ಪಡೆಯಿತು. ಜಾತ್ರೆಗೆ ಬಂದವರ ಕೈಯಿಂದ ಪುರಿ ತಿನ್ನುವ ಮೀನು ಕಾಣುತ್ತದೆ, ಅದಕ್ಕೆ ದೇವರ ಕಾವಲಿದೆ. ಕಲ್ಲಿನಡಿ ಅಂಟಿಕೊಂಡು ಬದುಕುವ ಬೆರಳುದ್ದದ ಮೀನಿಗೆ, ಹೂಳಿನಲ್ಲಿ ಅರ್ಧ ಹುದುಗಿ ನೀರು ಸೋಸುವ ಕಪ್ಪೆಚಿಪ್ಪಿಗೆ ಅಂಥ ಕಾವಲಿಲ್ಲ. ಕಪ್ಪೆಚಿಪ್ಪಿನ ಮರಿ ಕೆಲವು ಕಾಲ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡೇ ಬೆಳೆಯಬೇಕು. ತಕ್ಕ ಮೀನು ಹೋದರೆ ಕೆಲವು ವರ್ಷಗಳಲ್ಲಿ ಚಿಪ್ಪೂ ಹೋಗುತ್ತದೆ. ಮುದಿ ಚಿಪ್ಪುಗಳು ತಳದಲ್ಲಿ ಇನ್ನೂ ಇರುವುದರಿಂದ ಹೊಳೆ ಚೆನ್ನಾಗಿದೆ ಎಂದೇ ತೋರುತ್ತದೆ. ಕಾಣುವುದನ್ನು ನಂಬಿ ಪಟ್ಟಿ ಮಾಡುವುದರ ಅಪಾಯ ಇದೇ.

ಕಾನೂನಿನ ಕಣ್ಣೂ ಇಲ್ಲಿ ಅಷ್ಟು ಚುರುಕಿಲ್ಲ. ಕೇಂದ್ರ ಸರ್ಕಾರದ 2017ರ ಜೌಗುಪ್ರದೇಶ ನಿಯಮಗಳು ‘ಜೌಗುಪ್ರದೇಶ’ದ ವ್ಯಾಖ್ಯೆಯಿಂದ ನದಿಯ ಪಾತ್ರವನ್ನು, ಭತ್ತದ ಗದ್ದೆಯನ್ನು, ಕುಡಿಯುವ ನೀರಿಗಾಗಿಯೋ ನೀರಾವರಿಗಾಗಿಯೋ ಮನುಷ್ಯರು ಕಟ್ಟಿದ ಜಲಮೂಲಗಳನ್ನು ಹೊರಗಿಟ್ಟಿವೆ. ಈ ಸೀಮೆಯಲ್ಲಿ ಉಳಿಯುವುದೇನು? ಹೊಳೆ ಹೋಯಿತು, ಗದ್ದೆ ಹೋಯಿತು, ಕೆರೆ ಹೋಯಿತು, ಜಲಾಶಯ ಹೋಯಿತು. ಕರ್ನಾಟಕದಲ್ಲಿ ರಾಮ್ಸರ್ ಪಟ್ಟಿಗೆ ಸೇರಿರುವ ತಾಣಗಳು ನಾಲ್ಕು: 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ. ಮೊದಲ ಮೂರೂ ಹಕ್ಕಿಗಳಿಂದ ಹೆಸರು ಪಡೆದವು. ಹಾಸನ ಜಿಲ್ಲೆಯ ಒಂದು ತಾಣವೂ ಅದರಲ್ಲಿಲ್ಲ.

ಈ ಸೀಮೆಯ ನೀರಜೀವಿಗಳ ಪೈಕಿ ಹೆಚ್ಚು ಹೆಸರಾದದ್ದು ರಾಮನಾಥಪುರದ ಮೀನು. ರಾಮೇಶ್ವರ ದೇವಾಲಯದ ಬಳಿ ಕಾವೇರಿಯ ಪಾತ್ರದಲ್ಲೇ ಇರುವ ವಹ್ನಿ ಪುಷ್ಕರಿಣಿ ಮತ್ಸ್ಯಧಾಮ. ಬಂಡೆಗಳ ನಡುವಿನ ಮಡುವಿನಲ್ಲಿ ದೊಡ್ಡ ಹುರುಪೆಯ ಮಹಶೀರ್‌ಗಳು ಗುಂಪುಗುಂಪಾಗಿ ಮೇಲೆದ್ದು ಬರುತ್ತವೆ. ದಡದಿಂದ ಒಂದು ಹಿಡಿ ಪುರಿ ಬಿದ್ದರೆ ನೀರು ಕುದಿದಂತಾಗುತ್ತದೆ. ಇಲ್ಲಿ ಯಾರೂ ಬಲೆ ಹಾಕುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇರುವುದೂ ಇದೇ ಪದ್ಧತಿ. ಅರಣ್ಯ ಇಲಾಖೆ ಹುಟ್ಟುವುದಕ್ಕೂ ಮೊದಲಿನಿಂದ ನಡೆದುಬಂದ ಈ ಕಟ್ಟುಪಾಡಿನ ಬೆಲೆ ದೊಡ್ಡದು. ಖರ್ಚಿಲ್ಲದೆ, ಕಾವಲುಗಾರರಿಲ್ಲದೆ ಇಷ್ಟು ಕಾಲ ನಿಂತ ಸಂರಕ್ಷಣೆ ಅಪರೂಪ.

ಆದರೆ ಮಹಶೀರ್ ಎಂದರೆ ಒಂದೇ ಮೀನಲ್ಲ. ಕಾವೇರಿ ಕೊಳ್ಳಕ್ಕೇ ಸೀಮಿತವಾದ ಒಂದು ಮಹಶೀರ್ ಇದೆ: ಬೆನ್ನು ಡುಬ್ಬವಾದ, ರೆಕ್ಕೆಗಳಲ್ಲಿ ಕಿತ್ತಳೆ ಛಾಯೆಯಿರುವ, ಐವತ್ತು ಕಿಲೋ ದಾಟಬಲ್ಲ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಗಾಳಗಾರರು ನೂರೈವತ್ತು ವರ್ಷಗಳಿಂದ ಈ ಮೀನಿನ ಬಗ್ಗೆ ಬರೆಯುತ್ತಿದ್ದರೂ ಅದಕ್ಕೆ ನಿಖರವಾದ ವೈಜ್ಞಾನಿಕ ಹೆಸರು ನಿಂತದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲಾಗಿದ್ದ ‘ಟಾರ್ ರೆಮಾದೇವಿ’ಯೇ ಇದು ಎಂದು ಆಗ ಖಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಪಾಯ’ದ ವರ್ಗಕ್ಕೆ ಸೇರಿತು. ಹುಲಿ ಇರುವುದು ‘ಅಪಾಯ’ದ ವರ್ಗದಲ್ಲಿ, ಕಾವೇರಿಯ ಈ ಮೀನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ.

ಅದು ಈ ಸ್ಥಿತಿಗೆ ಬಂದದ್ದರ ಹಿಂದೆ ಆದ್ಯತೆಯ ತಪ್ಪೂ ಇದೆ. 1970ರ ದಶಕದಲ್ಲಿ ಮಹಶೀರ್‌ಗಳು ಕಡಿಮೆಯಾಗುತ್ತಿವೆ ಎಂಬ ಕಳವಳ ಎದ್ದಾಗ ಮಹಾರಾಷ್ಟ್ರದ ಲೋಣಾವಳಾದಲ್ಲಿ ಟಾಟಾ ಸಂಸ್ಥೆ ಕೃತಕವಾಗಿ ಮರಿ ಮಾಡಿಸಿತು. ಆ ಮರಿಗಳು ನಾನಾ ರಾಜ್ಯಗಳ ಹೊಳೆಗಳಿಗೆ ಹೋದವು, ಕಾವೇರಿಗೂ ಬಂದವು. ಅವು ಕೃಷ್ಣಾ ಕೊಳ್ಳದ ಕಡೆಯ ನೀಲಿರೆಕ್ಕೆಯ ಮಹಶೀರ್, ‘ಟಾರ್ ಖುದ್ರಿ’. ಮುಂದೆ ಕಾವೇರಿಯ ಗಾಲಿಬೋರೆ ಶಿಬಿರದಲ್ಲಿ ಹಿಡಿದು ಬಿಡುವ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಪುಸ್ತಕಗಳನ್ನು ವಿಜ್ಞಾನಿಗಳು ತೆಗೆದು ನೋಡಿದರು. ಗಾಳಕ್ಕೆ ಸಿಗುವ ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿತ್ತು. ಅಷ್ಟನ್ನೇ ನೋಡಿದವರಿಗೆ ಸಂರಕ್ಷಣೆ ಗೆದ್ದಂತೆ ಕಂಡೀತು. ಜಾತಿವಾರು ಬಿಡಿಸಿ ನೋಡಿದಾಗ ಏರಿದ್ದು ನೀಲಿರೆಕ್ಕೆ, ಇಳಿಯುತ್ತ ಹೋದದ್ದು ಡುಬ್ಬದ ಮೀನು. ನೀಲಿರೆಕ್ಕೆ ಬೇರೆಡೆಯೂ ಧಾರಾಳವಾಗಿರುವ ಮೀನೆಂದು ಆಮೇಲೆ ಕೆಂಪು ಪಟ್ಟಿಯೇ ಅದನ್ನು ಅಪಾಯದ ವರ್ಗದಿಂದ ಕೈಬಿಟ್ಟಿತು. ಬೇರೆಲ್ಲೂ ಸಿಗದ ಮೀನಿನ ಮನೆಗೆ ಎಲ್ಲೆಡೆ ಸಿಗುವ ಮೀನನ್ನು ತಂದು ಬಿಟ್ಟು, ಅದನ್ನೇ ಉಳಿಸಿದೆವೆಂದು ಎಣಿಸಿದ್ದು ಭಾರತದ ಸಿಹಿನೀರ ಸಂರಕ್ಷಣೆಯ ದೊಡ್ಡ ಎಡವಟ್ಟುಗಳಲ್ಲೊಂದು. ಉದ್ದೇಶ ಒಳ್ಳೆಯದೇ ಇತ್ತು.

ಆದ್ಯತೆಯ ಮೊದಲ ಅಳತೆಗೋಲು ಇಲ್ಲಿಂದ ಸಿಗುತ್ತದೆ: ಇಲ್ಲಿ ಕಳೆದುಹೋದರೆ ಮತ್ತೆಲ್ಲಿಂದಲೂ ತರಲಾಗದ್ದು ಯಾವುದು? ಈ ಪ್ರಶ್ನೆಯ ಮುಂದೆ ಕೊಕ್ಕರೆ, ಬೆಳ್ಳಕ್ಕಿಗಳು ಹಿಂದೆ ಸರಿಯುತ್ತವೆ. ಅವು ಬೇಡವೆಂದಲ್ಲ, ರೆಕ್ಕೆಯಿರುವ ಜೀವಿ ಒಂದು ಕೆರೆ ಒಣಗಿದರೆ ಇನ್ನೊಂದಕ್ಕೆ ಹೋಗಬಲ್ಲದು. ಮೀನಿಗೆ ಕೊಳ್ಳವೇ ಲೋಕ. ಹೇಮಾವತಿಯ ಮೀನು ಬೆಟ್ಟದಾಚೆಯ ನೇತ್ರಾವತಿಗೆ ತಾನಾಗಿ ಹೋಗಲಾರದು. ಪಶ್ಚಿಮಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಕಾಣದ ಜಾತಿಗಳು ಇಷ್ಟೊಂದು ಹುಟ್ಟಿಕೊಂಡದ್ದು ಈ ಪ್ರತ್ಯೇಕತೆಯಿಂದಲೇ. ಸಕಲೇಶಪುರದ ಬಳಿಯ ಪಶ್ಚಿಮಮುಖಿ ಹಳ್ಳಗಳ ನೀರನ್ನು ಪೂರ್ವಕ್ಕೆ ಎತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡಿತು. ಅದರ ಬಗ್ಗೆ ನಡೆದ ವಾದವೆಲ್ಲ ಎಷ್ಟು ನೀರು, ಎಷ್ಟು ಮರ, ಎಷ್ಟು ಕೋಟಿ ಎಂಬುದರ ಸುತ್ತ. ನೀರಿನ ಜೊತೆಗೆ ಒಂದು ಕೊಳ್ಳದ ಜೀವಿಗಳೂ ಇನ್ನೊಂದಕ್ಕೆ ಸಾಗುತ್ತವೆ ಎಂಬ ವಿಚಾರ ಅದರಲ್ಲಿ ಬಂದದ್ದು ತೀರ ಕಡಿಮೆ.

ಎರಡನೆಯ ಅಳತೆಗೋಲು ಅಪಾಯ ಎಷ್ಟು ಹತ್ತಿರದ್ದು ಎಂಬುದು. ಮೂರನೆಯದನ್ನು ಬಹಳಷ್ಟು ಪಟ್ಟಿಗಳು ಮರೆಯುತ್ತವೆ: ಮಾಡಹೊರಟ ಕೆಲಸದಿಂದ ನಿಜವಾಗಿ ಏನಾದರೂ ಬದಲಾದೀತೆ, ಅದಕ್ಕೆ ಎಷ್ಟು ಖರ್ಚು? ನ್ಯೂಜಿಲೆಂಡ್‌ನ ಸಂರಕ್ಷಣಾ ಇಲಾಖೆ ತನ್ನ ಅಪಾಯಗ್ರಸ್ತ ಜೀವಿಗಳ ಕೆಲಸಗಳನ್ನು ಇದೇ ಲೆಕ್ಕದಲ್ಲಿ ಸಾಲಾಗಿ ಇಟ್ಟಿತು. ಸಿಗುವ ಪ್ರಯೋಜನವನ್ನು ಗೆಲುವಿನ ಸಾಧ್ಯತೆಯಿಂದ ಗುಣಿಸಿ ಖರ್ಚಿನಿಂದ ಭಾಗಿಸುವ ವಿಧಾನ ಅದು. ಅದರ ವಿವರ 2009ರಲ್ಲಿ ಪ್ರಕಟವಾಯಿತು. ಹೀಗೆ ಲೆಕ್ಕ ಹಾಕಿದರೆ ಅತ್ಯಂತ ಅಪಾಯದಲ್ಲಿರುವ ಜೀವಿಯೇ ಯಾವಾಗಲೂ ಮೇಲೆ ಬರುವುದಿಲ್ಲ. ಅಗ್ಗದ ಒಂದು ಕೆಲಸದಿಂದ ಹತ್ತು ಜಾತಿ ಉಳಿಯುವ ಜಾಗ ಕೆಲವೊಮ್ಮೆ ಮುಂದೆ ಬರುತ್ತದೆ. ಜೀವಕ್ಕೆ ಬೆಲೆ ಕಟ್ಟುವುದೇ ಎಂದು ಇದನ್ನು ಆಕ್ಷೇಪಿಸುವವರಿದ್ದಾರೆ. ಬೆಲೆ ಕಟ್ಟುತ್ತಿರುವುದು ಜೀವಕ್ಕಲ್ಲ, ಕೆಲಸಕ್ಕೆ. ಲೆಕ್ಕ ಹಾಕದೆ ಸುರಿದ ಹಣವೂ ಯಾವುದೋ ಒಂದು ಜೀವಿಯ ಪಾಲಿನಿಂದಲೇ ಕಳೆದದ್ದು.

ಇಷ್ಟಾದ ಮೇಲೂ ನದಿಗೆ ಮಾತ್ರ ಅನ್ವಯಿಸುವ ಒಂದು ತೊಡಕು ಉಳಿಯುತ್ತದೆ. ಕಾಡಿನ ಒಂದು ತುಂಡಿಗೆ ಬೇಲಿ ಹಾಕಿ ಕಾಯಬಹುದು. ಹೊಳೆಯ ಒಂದು ತುಂಡಿಗೆ ಹಾಗೆ ಮಾಡಲಾಗದು. ಮೇಲಿನ ನೀರು ಕೆಟ್ಟರೆ, ಕೆಳಗಿನ ದಾರಿ ಮುಚ್ಚಿದರೆ ನಡುವಿನ ಮತ್ಸ್ಯಧಾಮ ಉಳಿಯದು. ಮಹಶೀರ್ ಬೇಸಿಗೆಯನ್ನು ಆಳದ ಮಡುಗಳಲ್ಲಿ ಕಳೆದು, ಮುಂಗಾರಿನ ಕೆಂಪುನೀರು ಇಳಿದು ಬಂದಾಗ ಮೇಲಕ್ಕೆ ಹೊರಡುತ್ತದೆ. ನುಣ್ಣನೆಯ ಬೆಣಚುಕಲ್ಲಿನ, ಗಾಳಿ ಬೆರೆತ ತಿಳಿನೀರಿನ ಜಾಗ ಹುಡುಕಿ ಮೊಟ್ಟೆಯಿಡುತ್ತದೆ. ಸಾಮಾನ್ಯ ಗೆಂಡೆಮೀನಿನಂತೆ ಅದು ಲಕ್ಷಗಟ್ಟಲೆ ಮೊಟ್ಟೆಯಿಡುವುದಿಲ್ಲ, ಬೇಗ ಬಲಿಯುವುದೂ ಇಲ್ಲ. ರಾಮನಾಥಪುರದ ಪುಷ್ಕರಿಣಿ ಅದು ತಿನ್ನುವ ಜಾಗವನ್ನು ಕಾಯುತ್ತದೆ. ಅದು ಹೋಗಿ ಬರುವ ದಾರಿಯನ್ನು ಕಾಯುವವರಿಲ್ಲ. ಅದೇ ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಅಡ್ಡಲಾಗಿ ಹಳೆಯ ಕಟ್ಟೆಯಿದೆ, ಮೇಲೆ ಕೊಡಗಿನಲ್ಲಿ ಹಾರಂಗಿ ಅಣೆಕಟ್ಟಿದೆ, ಕೆಳಗೆ 1930ರ ದಶಕದ ಆರಂಭಕ್ಕೆ ಮುಗಿದ ಕನ್ನಂಬಾಡಿ ಕಟ್ಟೆಯಿದೆ.

ಅಣೆಕಟ್ಟು ಮೀನಿನ ದಾರಿಗೆ ಏನು ಮಾಡುತ್ತದೆ ಎಂಬುದಕ್ಕೆ ಕಾವೇರಿಯೇ ಹಳೆಯ ಸಾಕ್ಷಿ. ಸಮುದ್ರದಿಂದ ನದಿಗೆ ಬಂದು ಮೊಟ್ಟೆಯಿಡುವ ಹಿಲ್ಸಾ ಮೀನು ಒಂದು ಕಾಲಕ್ಕೆ ಕಾವೇರಿಯಲ್ಲಿ ಬಹು ದೂರ ಏರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಅದರ ಮೀನುಗಾರಿಕೆ ಕುಸಿಯಿತು. ಹಾವುಮೀನಿನದು ತದ್ವಿರುದ್ಧ ಪಯಣ: ಕಡಲಲ್ಲಿ ಹುಟ್ಟಿ, ಹೊಳೆಯಲ್ಲಿ ಬೆಳೆದು, ಮತ್ತೆ ಕಡಲಿಗೆ ಹೋಗುವುದು. ಅದರ ದಾರಿಯೂ ಅಲ್ಲಲ್ಲಿ ಕಡಿದುಹೋಗಿದೆ. ಮೆಟ್ಟೂರನ್ನು ಹಾಸನದಲ್ಲಿ ಕುಳಿತು ಸರಿಪಡಿಸಲಾಗದು, ಕನ್ನಂಬಾಡಿಯನ್ನೂ ಅಷ್ಟೆ. ಆದ್ದರಿಂದಲೇ ಈ ಸೀಮೆಯ ಪಟ್ಟಿಯಲ್ಲಿ ಹಿಲ್ಸಾಕ್ಕೆ ಜಾಗವಿಲ್ಲ. ಕೈಗೆಟುಕದ್ದನ್ನು ಬಿಡುವುದೂ ಆದ್ಯತೆಯ ಕೆಲಸವೇ.

ಈ ಅಳತೆಗಳನ್ನು ಹಿಡಿದು ನೋಡಿದರೆ ಇಲ್ಲಿನ ನಾಲ್ಕು ನೀರುಗಳು ಜನರ ಮನಸ್ಸಿನಲ್ಲಿರುವುದಕ್ಕಿಂತ ಬೇರೆ ಸಾಲಿನಲ್ಲಿ ನಿಲ್ಲುತ್ತವೆ.

ಎಲ್ಲಕ್ಕಿಂತ ಮೇಲೆ ಬರಬೇಕಾದ್ದು ಅರಕಲಗೂಡು ತಾಲ್ಲೂಕಿನ ಕಾವೇರಿ. ಕೊಣನೂರಿನಿಂದ ಬಸವಾಪಟ್ಟಣದ ಕೆಳಗಿನವರೆಗಿನ ಈ ಹರಿವಿನಲ್ಲಿ ಹೊಳೆ ಇನ್ನೂ ಹೊಳೆಯಂತಿದೆ: ಬಂಡೆ, ಮಡು, ತೆಳ್ಳಗೆ ಹರಿಯುವ ಕಲ್ಲುಹಾಸು, ದಡದಲ್ಲಿ ಹೊಳೆಮತ್ತಿ, ಹೊಂಗೆ, ಅತ್ತಿ, ನೇರಳೆ. ಜನರ ಶ್ರದ್ಧೆಯ ಕಾವಲು ಒಂದು ಜಾಗದಲ್ಲಾದರೂ ಆಗಲೇ ಇದೆ. ಅದನ್ನು ಮೇಲೂ ಕೆಳಗೂ ಎಳೆಯುವುದು ಹೊಸದಾಗಿ ಕಟ್ಟುವುದಕ್ಕಿಂತ ಸುಲಭ. ಮೊದಲ ಕೆಲಸ ಪುಷ್ಕರಿಣಿಯಲ್ಲಿ ಯಾವ ಯಾವ ಮಹಶೀರ್‌ಗಳಿವೆ ಎಂದು ಜಾತಿ ಹಿಡಿದು ಗುರುತಿಸುವುದು. ಒಂದು ಹುರುಪೆ ಅಥವಾ ರೆಕ್ಕೆಯ ಚೂರಿನ ಡಿಎನ್ಎ ಪರೀಕ್ಷೆ ಸಾಕು, ಮೀನನ್ನು ಕೊಲ್ಲಬೇಕಿಲ್ಲ. ಎರಡನೆಯದು ಬೇಸಿಗೆಯ ಮಡುಗಳ ನಕ್ಷೆ. ಏಪ್ರಿಲ್ ಹೊತ್ತಿಗೆ ಹೊಳೆಯ ಬಹುಪಾಲು ಜೀವ ಕೆಲವೇ ಮಡುಗಳಲ್ಲಿ ಗುಂಪುಗೂಡಿರುತ್ತದೆ. ಸಿಡಿಮದ್ದು ಎಸೆಯುವವರಿಗೂ ಬ್ಲೀಚಿಂಗ್ ಪುಡಿ ಸುರಿಯುವವರಿಗೂ ಇದು ಚೆನ್ನಾಗಿ ಗೊತ್ತು, ಇಲಾಖೆಯ ನಕ್ಷೆಗೆ ಮಾತ್ರ ಗೊತ್ತಿಲ್ಲ. ಒಂದು ಮಡುವಿಗೆ ಬಿದ್ದ ಒಂದೇ ಸಿಡಿಮದ್ದು ಹಲವು ಕಿಲೋಮೀಟರ್ ಹೊಳೆಯನ್ನು ಬರಿದುಮಾಡಬಲ್ಲದು. ಹಾಗೆಯೇ ಆ ಮಡುಗಳಷ್ಟನ್ನು ಮೂರು ತಿಂಗಳು ಕಾದರೆ ಹೊಳೆಯನ್ನೇ ಕಾದಂತೆ. ಖರ್ಚಿಗೆ ಸಿಗುವ ಪ್ರಯೋಜನದಲ್ಲಿ ಇದನ್ನು ಮೀರಿಸುವ ಕೆಲಸ ಈ ಸೀಮೆಯಲ್ಲಿ ಮತ್ತೊಂದಿಲ್ಲ.

ಇದರ ಫಲ ಮಹಶೀರ್‌ಗಷ್ಟೇ ಸಿಗುವುದಿಲ್ಲ. ನೀರುನಾಯಿಗೆ ದಡದ ಬೇರು, ಬಂಡೆಸಂದಿಗಳಲ್ಲಿ ಗೂಡು ಬೇಕು. ಭಾರತದ ಪರ್ಯಾಯದ್ವೀಪಕ್ಕೇ ಸೀಮಿತವಾದ, ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ವರ್ಗದಲ್ಲಿರುವ ಲೀತ್ ಮೃದುಚಿಪ್ಪಿನ ಆಮೆಯಂಥವು ಮೊಟ್ಟೆಯಿಡಲು ದಡಕ್ಕೆ ಬರಬೇಕು. ಮರಳಿನ ಲಾರಿ ಇಳಿದ ದಡ ಇವೆರಡಕ್ಕೂ ದಕ್ಕದು. ಕರ್ನಾಟಕ ಸರ್ಕಾರ 2015ರಲ್ಲಿ ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಊರುಗಳ, ಗದ್ದೆಗಳ ನಡುವೆ ಹರಿಯುವ ಹೊಳೆಯ ಒಂದು ಉದ್ದವನ್ನೇ ಘಟಕವೆಂದು ಎಣಿಸಿದ ಕ್ರಮ ಅದು. ಅರಕಲಗೂಡಿನ ಕಾವೇರಿಗೂ ಇದೇ ಮಾದರಿ ಒಪ್ಪುತ್ತದೆ. ಇಲ್ಲಿ ಅಭಯಾರಣ್ಯದ ಕನಸು ಕಾಣುವುದರಲ್ಲಿ ಅರ್ಥವಿಲ್ಲ.

ಎರಡನೆಯ ಸ್ಥಾನ ಈ ನಾಲ್ಕು ತಾಲ್ಲೂಕುಗಳ ಹೊರಗಿದೆ. ಹೇಮಾವತಿಯ ತಲೆನೀರಿನ ಹಳ್ಳಗಳು ಮೂಡಿಗೆರೆ, ಸಕಲೇಶಪುರದ ಕಾಫಿ ಸೀಮೆಯಲ್ಲಿವೆ. ಹೊಳೆಮೀನುಗಳಿಗೆ ಗೊರೂರಿನ ಹಿನ್ನೀರಿನಿಂದ ಮೇಲೆ ಏರಲು ಉಳಿದಿರುವ ಮುಖ್ಯ ದಾರಿ ಅದು. ಕಟ್ಟಾಯದವರು ಕಾಯಬೇಕಾದ ಮೀನಿನ ತೊಟ್ಟಿಲು ಸಕಲೇಶಪುರದಲ್ಲಿದೆ ಎಂದರೆ ತಾಲ್ಲೂಕುವಾರು ಯೋಜನೆ ಮಾಡುವವರಿಗೆ ಕಸಿವಿಸಿಯಾಗುತ್ತದೆ. ಆದರೆ ಮೀನು ಕಂದಾಯದ ಗಡಿಯನ್ನು ಓದುವುದಿಲ್ಲ.

ಅಣೆಕಟ್ಟಿನ ಕೆಳಗಿನ ಹೇಮಾವತಿ, ಹೊಳೆನರಸೀಪುರದ ಹೊಳೆ, ಮೂರನೆಯದು. ಇಲ್ಲಿ ಕೊರತೆ ಜೀವಿಗಳದ್ದಕ್ಕಿಂತ ಹೆಚ್ಚಾಗಿ ಹರಿವಿನದು. ಸುಮಾರು 37 ಟಿಎಂಸಿ ಹಿಡಿಯುವ ಗೊರೂರು ಜಲಾಶಯದ ಬಾಗಿಲುಗಳು ನಾಲೆಗಳ ಸರದಿಗೂ ಕೆಳಗಿನ ಬೇಡಿಕೆಗೂ ತಕ್ಕಂತೆ ತೆರೆಯುತ್ತವೆ, ಮುಚ್ಚುತ್ತವೆ. ಮೀನಿಗೆ ಬೇಕಾದ್ದು ಮುಂಗಾರಿನ ಮೊದಲ ಏರಿಕೆ ಮತ್ತು ಬೇಸಿಗೆಯಲ್ಲಿ ಮಡುವಿನಿಂದ ಮಡುವಿಗೆ ಕೊಂಡಿಯಾಗುವಷ್ಟು ಸಣ್ಣ ಹರಿವು. ಜಲಾಶಯ ತುಂಬಿಕೊಳ್ಳುತ್ತಿರುವ ಜೂನ್-ಜುಲೈಯಲ್ಲೇ ಕೆಳಗಿನ ಹೊಳೆಗೆ ಏರಿಕೆ ತಪ್ಪುತ್ತದೆ. ಮೊಟ್ಟೆಯಿಡುವ ಕಾಲವೂ ಅದೇ.

ರೈತರಿಗೇ ನೀರು ಸಾಲದಿರುವಾಗ ಮೀನಿಗೆ ಎಲ್ಲಿಂದ ಕೊಡುವುದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ, ಅದು ಹಗುರವಾದ ಪ್ರಶ್ನೆಯಲ್ಲ. ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲಿ 740 ಟಿಎಂಸಿಯನ್ನು ಹಂಚುವಾಗ ಪರಿಸರಕ್ಕೆಂದು 10 ಟಿಎಂಸಿ ಎತ್ತಿಟ್ಟಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಉಳಿಸಿತು. ಒಟ್ಟು ನೀರಿನ ಶೇ ಒಂದೂವರೆಗೂ ಕಡಿಮೆ. ಅದೂ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರಿನೊಳಗೇ ಸೇರಿರುವುದರಿಂದ, ಹೊಳೆನರಸೀಪುರದ ಸೇತುವೆಯಡಿ ಏಪ್ರಿಲ್‌ನಲ್ಲಿ ಎಷ್ಟಿರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆದರೆ ಕೇಳುತ್ತಿರುವುದು ಹೆಚ್ಚುವರಿ ನೀರನ್ನಲ್ಲ. ಕನ್ನಂಬಾಡಿಗೆ ಹೇಗೂ ಇಳಿಸಬೇಕಾದ ನೀರನ್ನು ಒಂದೇ ಸಲ ದಬ್ಬದೆ, ಅದರ ಒಂದು ಪಾಲನ್ನು ಮುಂಗಾರಿನ ಆರಂಭಕ್ಕೂ ಬೇಸಿಗೆಯ ಹದಕ್ಕೂ ಹೊಂದಿಸಿ ಬಿಡುವುದು. ನೀರು ಹೊಳೆಯಲ್ಲೇ ಹರಿದು ಕೆಳಗಿನ ಜಲಾಶಯವನ್ನೇ ಸೇರುತ್ತದೆ. ರೈತರ ಪಾಲಿನಿಂದ ಕಳೆಯುವುದು ಕಡಿಮೆ. ಹರಿವು ಸರಿಹೋಗದೆ ಇಲ್ಲಿ ಮೀನುಮರಿ ಬಿಡುವುದು, ದಡಕ್ಕೆ ಕಲ್ಲು ಕಟ್ಟುವುದು, ನಾಮಫಲಕ ನೆಡುವುದು ಎಲ್ಲವೂ ವ್ಯರ್ಥ. ಈ ಬದಲಾವಣೆಗೆ ಹಲವು ಕಚೇರಿಗಳ ಒಪ್ಪಿಗೆ ಬೇಕಾದ್ದರಿಂದ ಗೆಲುವಿನ ಸಾಧ್ಯತೆ ಕಡಿಮೆ; ಅದಕ್ಕೇ ಮೂರನೆಯ ಸ್ಥಾನ.

ಕೆರೆಗಳದ್ದು ಬೇರೆಯೇ ಕಥೆ. ಚನ್ನರಾಯಪಟ್ಟಣದ ಕಡೆ ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುವಂತೆ ಸಾಲುಗಟ್ಟಿದ ಕೆರೆಗಳಿವೆ. ಮನುಷ್ಯರು ಕಟ್ಟಿದ್ದೇ ಆದರೂ ನೂರಾರು ವರ್ಷಗಳಲ್ಲಿ ಅವು ಜೀವಿಗಳ ಮನೆಯಾಗಿವೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೋಡಿ ಹರಿದ ರಾತ್ರಿ ಮೀನುಗಳು ಎದುರುನೀರಿಗೆ ಹತ್ತುತ್ತವೆ. ಕೋಡಿಯ ಕಲ್ಲಿನ ಮೇಲೆ ತೆಳ್ಳಗೆ ಜಾರುವ ನೀರಿನಲ್ಲಿ ಬಾಲ ಬಡಿದು, ಅರ್ಧ ಮೈ ಗಾಳಿಯಲ್ಲಿಟ್ಟು, ಗದ್ದೆಯ ಬದುವಿನವರೆಗೂ ಏರುವುದುಂಟು. ಕೂಳಿ ಇಟ್ಟು ಹಿಡಿಯುವವರು ಕಾಯುವುದೂ ಆ ರಾತ್ರಿಗಾಗಿಯೇ. ಮಲೆನಾಡಿನವರು ಇವನ್ನು ಹತ್ತುಮೀನು ಎನ್ನುತ್ತಾರೆ. ಹೀಗೆ ಹತ್ತುವುದು ಮೊಟ್ಟೆಯಿಡಲು ಹೊರಟ ಮೀನೆಂಬುದನ್ನು ನೆನೆದರೆ ಆ ಒಂದೆರಡು ವಾರದ ಹಿಡಿತ ವರ್ಷವಿಡೀ ಹಿಡಿಯುವುದಕ್ಕಿಂತ ದುಬಾರಿ.

ಕೆರೆಗಳನ್ನು ನಾಲ್ಕನೆಯ ಸಾಲಿಗೆ ಇಳಿಸಲು ಕಾರಣ, ಅಲ್ಲಿನ ಜಾತಿಗಳಲ್ಲಿ ಹೆಚ್ಚಿನವು ದಕ್ಷಿಣ ಭಾರತದ ಕೆರೆಗಳಲ್ಲೆಲ್ಲ ಇವೆ. ಜೊತೆಗೆ ಅವು ಜನರ ಜೀವನಾಧಾರ. ಮೀನು ಪಾಶುವಾರು ಹರಾಜಿನಲ್ಲಿ ಹಿಡಿದವರು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳ ಮರಿ ಬಿಡುತ್ತಾರೆ. ಮೊದಲ ಮೂರು ಗಂಗೆಯ ಕಡೆಯವು, ನಾಲ್ಕನೆಯದು ಹೊರದೇಶದ್ದು. ಅದರಿಂದ ಊರಿಗೆ ಊಟ, ಪಂಚಾಯಿತಿಗೆ ಒಂದಿಷ್ಟು ಕಾಸು. ಇದನ್ನು ನಿಲ್ಲಿಸಿ ಎನ್ನುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಕೇಳಬಹುದಾದ್ದು ಇಷ್ಟು: ಪ್ರತಿ ಕೆರೆಸಾಲಿನ ತಲೆಯ ಕೆರೆಯೊಂದನ್ನು ಹರಾಜಿನಿಂದ ಹೊರಗಿಟ್ಟು ನಾಟಿ ಮೀನಿಗೆ ಬಿಡುವುದು, ಆ ಕೆರೆಗೆ ಯಾವ ಮರಿಯನ್ನೂ ಬಿತ್ತದಿರುವುದು. ತಲೆಯ ಕೆರೆ ಉಳಿದರೆ ಕೋಡಿ ಹರಿದಾಗಲೆಲ್ಲ ಕೆಳಗಿನ ಕೆರೆಗಳಿಗೆ ನಾಟಿ ಮೀನು ತಾನಾಗಿ ಇಳಿಯುತ್ತದೆ.

ಹೂಳೆತ್ತುವಾಗ ಒಂದು ಎಚ್ಚರಿಕೆಯೂ ಬೇಕು. ಈಚಿನ ದಿನಗಳಲ್ಲಿ ಜೆಸಿಬಿ ಇಳಿಸಿ ಕೆರೆಯನ್ನು ಅಂಚಿನಿಂದ ಅಂಚಿಗೆ ಬೋಗುಣಿಯಂತೆ ಅಗೆಯುವುದು ಅಭಿವೃದ್ಧಿಯ ಲಕ್ಷಣವಾಗಿದೆ. ನೀರು ಹೆಚ್ಚು ನಿಲ್ಲುತ್ತದೆ, ನಿಜ. ಆದರೆ ಮರಿಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಹುಳು, ಉದ್ದಕಾಲಿನ ಹಕ್ಕಿಗಳು ಬದುಕುವುದು ಆಳದಲ್ಲಲ್ಲ. ನೀರು ಮೊಣಕಾಲಿಗಿಂತ ಕಡಿಮೆಯಿರುವ, ಜೊಂಡು ಬೆಳೆದ ಮೇಲಂಚಿನಲ್ಲಿ. ಏರಿಯ ಕಡೆ ಎಷ್ಟು ಬೇಕಾದರೂ ಆಳ ಮಾಡಿ, ನೀರು ಬರುವ ಕಡೆಯ ಅಂಗಳವನ್ನು ಹಾಗೇ ಬಿಟ್ಟರೆ ಖರ್ಚೂ ಉಳಿಯುತ್ತದೆ.

ಕಡೆಗೆ ಉಳಿದದ್ದು ಗೊರೂರಿನ ಹಿನ್ನೀರು, ಈ ಸೀಮೆಯ ಅತಿ ದೊಡ್ಡ, ಅತಿ ಪ್ರಸಿದ್ಧ ನೀರು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು ರಾಜ್ಯದ ಎಲ್ಲೆಡೆಯಿಂದ ಜನ ಬರುತ್ತಾರೆ. ಆದರೆ ಚರ್ಚಿನ ಆ ಸೊಬಗಿಗೆ ಕಾರಣವಾದ ಏರಿಳಿತವೇ ದಡದ ಬದುಕನ್ನು ಕೆಡಿಸುವುದು. ಮೀಟರುಗಟ್ಟಲೆ ಏರಿ ಇಳಿಯುವ ನೀರಿನಂಚಿನಲ್ಲಿ ಜೊಂಡು ನೆಲೆಯೂರುವುದಿಲ್ಲ, ಗೂಡು ನಿಲ್ಲುವುದಿಲ್ಲ. ನಿಂತ ನೀರಿಗೆ ಹೊಂದಿಕೊಂಡ ಮೀನುಗಳು ಇಲ್ಲಿ ಬೆಳೆಯುತ್ತವೆ. ಹರಿವು ಬೇಕಾದವು ಹಿಂದೆ ಸರಿಯುತ್ತವೆ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ, ಸಂತೆಯಲ್ಲಿ ಜಿಲೇಬಿ ಮೀನು ಎನಿಸಿಕೊಂಡದ್ದು, ಇಂಥ ನೀರಿನ ಗೆಲ್ಲುಮೀನು. ಹಿನ್ನೀರು ಮೀನುಗಾರಿಕೆಗೆ ಒಳ್ಳೆಯದು, ಆ ಕೆಲಸಕ್ಕೇ ಅದನ್ನು ಬಿಡಬೇಕು. ಸಂರಕ್ಷಣೆಯ ಹಣವನ್ನು ಇಲ್ಲಿ ಸುರಿಯುವುದರಲ್ಲಿ ಹುರುಳಿಲ್ಲ. ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ಎದ್ದಾಗ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಬಳಿಗೆ ದೋಣಿ, ದನ, ನಾಯಿ ಹೋಗದಂತೆ ನೋಡಿಕೊಳ್ಳುವುದೊಂದು ಇದಕ್ಕೆ ಹೊರತು. ಜೊತೆಗೆ, ದೇಶದಲ್ಲಿ ಸಾಕಣೆ ನಿಷೇಧಿಸಲಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಇಲ್ಲಿಗೆ ಕಾಲಿಡದಂತೆ ಕಾಯಬೇಕು. ಜಲಾಶಯಕ್ಕೆ ಬಂದದ್ದು ನಾಲೆ ಹಿಡಿದು ಎಲ್ಲ ಕೆರೆಗೂ ಹೋಗುತ್ತದೆ. ಹೋದ ಮೇಲೆ ತೆಗೆಯುವ ದಾರಿಯೇ ಇಲ್ಲ.

ಇಂಥ ಪಟ್ಟಿಯನ್ನು ಜಾರಿಗೆ ತರಬೇಕಾದವರು ಯಾರು ಎಂಬುದು ಬಹುಶಃ ಪಟ್ಟಿಗಿಂತ ಕಠಿಣವಾದ ಪ್ರಶ್ನೆ. ಮೀನುಗಾರಿಕೆ ಇಲಾಖೆಯ ಗುರಿ ಟನ್ನುಗಳ ಲೆಕ್ಕದ ಉತ್ಪಾದನೆ, ಅರಣ್ಯ ಇಲಾಖೆಯ ಕಣ್ಣು ಕಾಡಿನ ಗಡಿಯವರೆಗೆ. ನೀರು ಬಿಡುವುದು ಕಾವೇರಿ ನೀರಾವರಿ ನಿಗಮ, ಮರಳಿನ ಲೆಕ್ಕ ಗಣಿ ಇಲಾಖೆಯದು. ಬೆರಳುದ್ದದ ನಾಟಿ ಮೀನು ಸತ್ತರೆ ಉತ್ತರ ಹೇಳಬೇಕಾದ ಕಚೇರಿ ಇದರಲ್ಲಿ ಒಂದೂ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಕಾಗದದ ಮೇಲಷ್ಟೇ ಉಳಿದ ದಾಖಲೆಗಳೇ ಹೆಚ್ಚು, ಆದರೂ ಮೀನಿನ ಮಟ್ಟಿಗೆ ಅದಕ್ಕಿಂತ ಹತ್ತಿರದ ಅಧಿಕಾರ ಇನ್ನೊಂದಿಲ್ಲ. ಮಡುಗಳ ಹೆಸರು, ಹತ್ತುಮೀನಿನ ದಾರಿ, ಯಾವ ಮೀನು ಯಾವಾಗಿನಿಂದ ಕಾಣುತ್ತಿಲ್ಲ ಎಂಬುದನ್ನು ಬೆಸ್ತರ ಮನೆಗಳ ಹಿರಿಯರಿಂದ ಕೇಳಿ ಬರೆದುಕೊಳ್ಳುವುದು ಅದರ ಮೊದಲ ಕೆಲಸವಾಗಬೇಕು. ಅವರ ತಲೆಮಾರಿನ ಜೊತೆ ಆ ತಿಳಿವಳಿಕೆಯೂ ಹೋಗುತ್ತಿದೆ.

ಕಡಿದ ಮೀನಿನ ದಾರಿಯನ್ನು ತೆರೆಯಲು ಸುಲಭದ ಕೆಲಸವೂ ಒಂದಿದೆ. ಅರಕಲಗೂಡಿನ ಕಟ್ಟೇಪುರದ ಕಟ್ಟೆ, ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಅಡ್ಡಲಾಗಿರುವ ಶ್ರೀರಾಮದೇವರ ಕಟ್ಟೆ ಇವೆರಡೂ ದೊಡ್ಡ ಅಣೆಕಟ್ಟುಗಳಲ್ಲ, ಪ್ರವಾಹದಲ್ಲಿ ನೀರು ಮೇಲೆ ಹರಿಯುವ ಹಳೆಯ ತಡೆಗಳು. ಇವುಗಳ ಒಂದು ಮಗ್ಗುಲಿಗೆ ದಪ್ಪ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ, ಮೀನು ಹತ್ತುವಷ್ಟು ನೀರು ಅದರ ಮೇಲೆ ಹರಿಯುವಂತೆ ಮಾಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಭೂಸ್ವಾಧೀನ ಬೇಡ, ರೈತರ ನಾಲೆಯಿಂದ ನೀರು ಕಸಿಯಬೇಕಿಲ್ಲ. ದುರಸ್ತಿಯ ಅಂದಾಜುಪಟ್ಟಿ ಮುಂದೆ ಎಂದಾದರೂ ಸಿದ್ಧವಾಗುವಾಗ ಅದರಲ್ಲಿ ಈ ಇಳಿಜಾರಿಗೆ ಒಂದು ಬಾಬ್ತು ಸೇರಬೇಕು. ಕಟ್ಟೇಪುರದ್ದು ಮೊದಲು, ಶ್ರೀರಾಮದೇವರ ಕಟ್ಟೆಯದು ಆಮೇಲೆ.